ನಂಬರ್ ಗರ್ಲ್, ಜಾಜೆನ್ ಬಾಯ್ಸ್: ಯಾವ ಆಲ್ಬಮ್‌ನಲ್ಲಿ ಯಾರು ನುಡಿಸಿದ್ದು?

ಮಂದ್ರಸ್ಥಾಯಿ:
ಜಪಾನಿನ ಈ ಎರಡೂ ರಾಕ್ ಬ್ಯಾಂಡ್‌ಗಳ ಆಲ್ಬಮ್‌ಗಳನ್ನು ವರ್ಷದ ಪ್ರಕಾರ, ಯಾರು ಏನು ನುಡಿಸಿದ್ದಾರೆ ಎಂಬ ಪಟ್ಟಿಯ ಸಮೇತ ಜೋಡಿಸುತ್ತಿದ್ದೇನೆ. ಮೂರು ಕಡೆ ಲೆಕ್ಕ ತಪ್ಪುತ್ತಿದೆ. 2002ರಲ್ಲೇ ನಿಂತುಹೋದ ನಂಬರ್ ಗರ್ಲ್ ಹೆಸರಲ್ಲಿ 2003, 2005, 2014ರ ಡಿಸ್ಕ್‌ಗಳು ಹೇಗೆ ಬಂದವು? ಜಾಜೆನ್ ಬಾಯ್ಸ್‌ನಲ್ಲಿ ಡ್ರಮ್ಸ್, ಬೇಸ್ ಬದಲಾದದ್ದು ಯಾವ ಆಲ್ಬಮ್‌ನಿಂದ? ಇನ್ನು ನಂಬರ್ ಗರ್ಲ್‌ನ ತಾಬುಚಿ ಹಿಸಾಕೊ ಗಿಟಾರ್‌ಗಾಗಿ ಅವರ ಇನ್ನೊಂದು ಬ್ಯಾಂಡ್ ಬ್ಲಡ್‌ಥರ್ಸ್ಟಿ ಬುಚರ್ಸ್‌ನ 'ಕೊಕೊರೊನೊ' ಆಲ್ಬಮ್ ತೆಗೆದರೆ ಅದರಲ್ಲಿ ಅವರ ಹೆಸರೇ ಇಲ್ಲವಲ್ಲ?

ಆರನೇತಂತಿ:
ನಂಬರ್ ಗರ್ಲ್‌ಗೆ ಪಟ್ಟಿಯೇ ಬೇಡ. 1995ರಲ್ಲಿ ಫುಕುವೊಕಾದಲ್ಲಿ ಶುರುವಾದ ಬ್ಯಾಂಡ್. ಮುಕಾಯ್ ಶುಟೋಕು ಹಾಡು ಮತ್ತು ಗಿಟಾರ್, ತಾಬುಚಿ ಗಿಟಾರ್, ನಕಾವೊ ಕೆಂತಾರೊ ಬೇಸ್, ಅಹಿತೊ ಇನಾಜಾವಾ ಡ್ರಮ್ಸ್. ಬಿಡುಗಡೆಯಾದ ನಾಲ್ಕೂ ಸ್ಟುಡಿಯೋ ಆಲ್ಬಮ್‌ಗಳಲ್ಲಿ ಇದೇ ನಾಲ್ವರು: 'ಸ್ಕೂಲ್ ಗರ್ಲ್ ಬೈ ಬೈ' (1997), 'ಸ್ಕೂಲ್ ಗರ್ಲ್ ಡಿಸ್ಟಾರ್ಷನಲ್ ಅಡಿಕ್ಟ್' (1999), 'ಸಪ್ಪುಕೇ' (2000), 'ನಮ್-ಹೆವಿಮೆಟಾಲಿಕ್' (2002). ಮೊದಲನೆಯದು ಇಂಡೀ (ಸಣ್ಣ ಸ್ವತಂತ್ರ ಕಂಪನಿಯದು), ಉಳಿದ ಮೂರು ದೊಡ್ಡ ಕಂಪನಿ ತೋಷಿಬಾ ಇಎಂಐಯವು.

ಜನ ಬದಲಾಗದಿದ್ದರೂ ಸದ್ದು ಮಾತ್ರ ಪೂರ್ತಿ ಬದಲಾಗುತ್ತದೆ. ಹಾಗಾಗಿಯೇ ಹಲವರು ಎರಡನೇ ಮತ್ತು ಮೂರನೇ ಆಲ್ಬಮ್‌ಗಳ ನಡುವೆ ಡ್ರಮ್ಮರ್ ಬದಲಾಗಿರಬೇಕು ಎಂದುಕೊಳ್ಳುತ್ತಾರೆ. ಬದಲಾದದ್ದು ಡ್ರಮ್ಮರ್ ಅಲ್ಲ, ರೆಕಾರ್ಡ್ ಮಾಡಿದವರು. 'ಸಪ್ಪುಕೇ' ಮತ್ತು 'ನಮ್-ಹೆವಿಮೆಟಾಲಿಕ್' ಎರಡಕ್ಕೂ ಅಮೆರಿಕದ ಡೇವ್ ಫ್ರಿಡ್‌ಮನ್ ಇದ್ದಾರೆ. ಡ್ರಮ್ಸ್ ಅನ್ನು ಒಡೆಯುವ ಮಟ್ಟದ ತನಕ ಒತ್ತಿ ಮುಂದಕ್ಕೆ ತರುವುದು ಅವರ ಕೈಗುರುತು. ಡಿಸ್ಟಾರ್ಷನಲ್ ಅಡಿಕ್ಟ್‌ನಲ್ಲಿ ಎರಡು ಗಿಟಾರ್‌ಗಳ ಕೆಳಗೆ ಹಾಡು ಹೂತುಹೋಗಿರುತ್ತದೆ. 'ಸಪ್ಪುಕೇ'ಗೆ ಬಂದರೆ ಸ್ನೇರ್ ಡ್ರಮ್ ಮುಖಕ್ಕೇ ಹೊಡೆಯುತ್ತದೆ. ಕೊನೆಯದರಲ್ಲಿ ಜಮೈಕಾದ ಡಬ್ ಸಂಗೀತದ ಪ್ರತಿಧ್ವನಿಯೂ ಸೇರಿಕೊಂಡಿದೆ.

2002ರಲ್ಲಿ ನಕಾವೊ ಹೊರಡುತ್ತೇನೆಂದರು. ಬೇರೆ ಬೇಸಿಸ್ಟ್ ತರದೆ ಬ್ಯಾಂಡನ್ನೇ ನಿಲ್ಲಿಸಿದರು. ಕೊನೆಯ ಕಚೇರಿ 2002ರ ನವೆಂಬರ್ 30, ಸಪ್ಪೊರೊದ ಪೆನ್ನಿ ಲೇನ್ 24. ನಿಮ್ಮ 2003ರ ಡಿಸ್ಕ್ ('ಸಪ್ಪೊರೊ ಒಮೊಯಿದೆ ಇನ್ ಮೈ ಹೆಡ್ ಜೋತಾಯ್') ಆ ರಾತ್ರಿಯ ಲೈವ್. 2005ರವು ಸಂಕಲನಗಳು, ಹಳೆಯ ಲೈವ್‌ಗಳು. 2014ರವು 15ನೇ ವರ್ಷದ ಮರುಮುದ್ರಣಗಳು. ಪಟ್ಟಿಯಲ್ಲಿ 'ಬಿಡುಗಡೆ' ಮತ್ತು 'ರೆಕಾರ್ಡಿಂಗ್' ಎಂದು ಎರಡು ಕಾಲಂ ಮಾಡಿ, ಗೊಂದಲದ ಮುಕ್ಕಾಲು ಪಾಲು ಅಲ್ಲೇ ಬಗೆಹರಿಯುತ್ತದೆ. ಒಂದೇ ಕಾಲಂ ಇಟ್ಟರೆ 2014ರ ಮುದ್ರಣ ಹೋಗಿ ಜಾಜೆನ್ ಬಾಯ್ಸ್‌ನ ಐದನೇ ಆಲ್ಬಮ್ ಆದಮೇಲೆ ಕೂರುತ್ತದೆ.

ತಾಳತಪ್ಪಿಲ್ಲ:
ಮುಕಾಯ್ ಆಮೇಲೆ ಕಟ್ಟಿದ ಜಾಜೆನ್ ಬಾಯ್ಸ್ ಇದಕ್ಕೆ ತದ್ವಿರುದ್ಧ. ಅಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಬಂದು ಕೂರುತ್ತಾರೆ, ಬ್ಯಾಂಡ್ ನಡೆಯುತ್ತಲೇ ಇರುತ್ತದೆ. ಮುಕಾಯ್ ಮತ್ತು ಗಿಟಾರಿನ ಯೋಶಿಕಾನೆ ಸೋ ಮಾತ್ರ ಎಲ್ಲ ಆಲ್ಬಮ್‌ಗಳಲ್ಲೂ ಇದ್ದಾರೆ.

ಮೊದಲ ಎರಡು ಆಲ್ಬಮ್‌ಗಳು ಎರಡೂ 2004ರವು. ಅವುಗಳಲ್ಲಿ ಡ್ರಮ್ಸ್ ಅಹಿತೊ, ಬೇಸ್ ಹಿನಾತಾ ಹಿದೆಕಾಜು. 2004ರ ಕೊನೆಗೆ ಅಹಿತೊ ಹೊರಗೆ, ಮಾತ್ಸುಶಿತಾ ಅತ್ಸುಶಿ ಒಳಗೆ. ಆದ್ದರಿಂದ 'ಜಾಜೆನ್ ಬಾಯ್ಸ್ III' (2006) ಎಂದರೆ ಮಾತ್ಸುಶಿತಾ ಮತ್ತು ಹಿನಾತಾ. 2007ರಲ್ಲಿ ಹಿನಾತಾ ಹೋಗಿ ಯೋಶಿದಾ ಇಚಿರೊ ಬಂದರು. 'ಜಾಜೆನ್ ಬಾಯ್ಸ್ 4' (2008) ಮತ್ತು 2012ರ 'ಸ್ಟೋರೀಸ್'ನಲ್ಲಿ ಬೇಸ್ ಅವರದು. ಯೋಶಿದಾ 2017ರಲ್ಲಿ ಬಿಟ್ಟರು, 2018ರಲ್ಲಿ ಮಿಯಾ ಸೇರಿದರು. ಮಿಯಾ ಇರುವ ಸ್ಟುಡಿಯೋ ಆಲ್ಬಮ್ 2024ರ ಜನವರಿಯ 'ರಾಂದೊ'. ಅಂದರೆ ಅದಕ್ಕೂ ಹಿಂದಿನದಕ್ಕೂ ನಡುವೆ 11 ವರ್ಷಕ್ಕೂ ಹೆಚ್ಚು ಅಂತರ. ನಡುವೆ ಒಂದು ಆಲ್ಬಮ್ ಕೈತಪ್ಪಿತೇನೋ ಎಂದು ಹುಡುಕಬೇಡಿ, ಇಲ್ಲ.

ಕಿವಿಯಲ್ಲಿ ಗುರುತಿಸಬೇಕೆಂದರೆ II ಮತ್ತು III ಒಂದರ ಹಿಂದೆ ಒಂದು ಹಾಕಿ. ಅಹಿತೊ ನುಡಿಸುವಾಗ ತಾಳ ಮುಂದಕ್ಕೆ ನುಗ್ಗುತ್ತದೆ, ಸಿಂಬಲ್ ಜಾಸ್ತಿ. ಮಾತ್ಸುಶಿತಾ ಬಂದ ಮೇಲೆ ಹೊಡೆತ ಒಣಗಿದ ಹಾಗೆ, ಅಳೆದು ಇಟ್ಟ ಹಾಗೆ. ಬೆಸ ಮಾತ್ರೆಗಳಲ್ಲಿ ನಾಲ್ವರೂ ಒಟ್ಟಿಗೆ ನಿಂತು ಒಟ್ಟಿಗೆ ಹೊರಡುವ ಆ ಆಟ ಪಕ್ಕಾ ಆಗುವುದು ಅಲ್ಲಿಂದ. ನನ್ನ ಲೆಕ್ಕದಲ್ಲಿ ಜಾಜೆನ್ ಬಾಯ್ಸ್ ನಂಬರ್ ಗರ್ಲ್‌ನ ನೆರಳಿಂದ ಆಚೆ ಬಂದದ್ದು III ರಲ್ಲಿ. 4 ರಲ್ಲಿ ಮತ್ತೆ ಫ್ರಿಡ್‌ಮನ್ ಇದ್ದಾರೆ, ಸಿಂಥಸೈಜರ್ ಹೆಚ್ಚಿದೆ. ಅಲ್ಲಿ ಬೇಸ್ ಬೇರೆಯಾಗಿ ಕೇಳಿದರೆ ಎಲ್ಲವನ್ನೂ ಯೋಶಿದಾ ತಲೆಗೆ ಕಟ್ಟಬೇಡಿ.

ಕಿವಿಗೊಟ್ಟವ:
'ಕೊಕೊರೊನೊ' 1996ರದು, ತಾಬುಚಿ ಬುಚರ್ಸ್ ಸೇರಿದ್ದು 2003ರಲ್ಲಿ. ಆ ಆಲ್ಬಮ್ ಆಗ ಅದು ಮೂವರ ಬ್ಯಾಂಡ್, ಗಿಟಾರ್ ಪೂರ್ತಿ ಯೋಶಿಮುರಾ ಹಿದೆಕಿ ಅವರದೇ. ತಾಬುಚಿ ಬೇಕೆಂದರೆ 'ಬರ್ಡಿ' (2004) ಇಂದ ಶುರುಮಾಡಿ. ಯೋಶಿಮುರಾ 2013ರ ಮೇ ತಿಂಗಳಲ್ಲಿ ತೀರಿಕೊಂಡರು. ತಾಬುಚಿ ತಾವೇ ಹಾಡುವ ಬ್ಯಾಂಡ್ 'ಟಾಡಲ್'. 2011ರ 'ಲಾಮಾ' ಬ್ಯಾಂಡ್‌ನಲ್ಲಿ ಸೂಪರ್‌ಕಾರ್ ಬ್ಯಾಂಡ್‌ನ ನಾಕಾಮುರಾ ಕೋಜಿ, ಫುರುಕಾವಾ ಮಿಕಿ ಜತೆಗಿದ್ದಾರೆ.

ಎಲ್ಲರೂ ಮುಗ್ಗರಿಸುವ ಇನ್ನೊಂದು ಜಾಗ: ಅಹಿತೊ ಆಮೇಲೆ ಕಟ್ಟಿದ 'ವೋಲಾ ಅಂಡ್ ದಿ ಓರಿಯೆಂಟಲ್ ಮಷೀನ್'ನಲ್ಲಿ ಅವರು ಡ್ರಮ್ಸ್ ನುಡಿಸುವುದಿಲ್ಲ, ಹಾಡಿ ಗಿಟಾರ್ ಹಿಡಿದಿದ್ದಾರೆ. ಡ್ರಮ್ಸ್‌ಗೆ ಸಿರಪ್16ಜಿ ಬ್ಯಾಂಡ್‌ನ ನಾಕಾಹಾತಾ ದೈಕಿ.

ಬೇಸಿಸ್ಟ್‌ಗಳದ್ದಂತೂ ತಮಾಷೆ. ಹಿನಾತಾ 'ಆರ್ಟ್-ಸ್ಕೂಲ್' ಎಂಬ ಬ್ಯಾಂಡ್ ಬಿಟ್ಟು ಬಂದವರು. ನಕಾವೊ 2012ರಿಂದ ಅದೇ ಆರ್ಟ್-ಸ್ಕೂಲ್‌ಗೆ ಸಪೋರ್ಟ್ ಬೇಸಿಸ್ಟ್. ಜಪಾನಿನ ಬ್ಯಾಂಡ್‌ಗಳಲ್ಲಿ 'ಸಪೋರ್ಟ್' ಎಂದರೆ ಕಚೇರಿ, ರೆಕಾರ್ಡಿಂಗ್ ಎರಡಕ್ಕೂ ಬರುತ್ತಾರೆ, ಆದರೆ ಸದಸ್ಯರ ಪಟ್ಟಿಯಲ್ಲಿರುವುದಿಲ್ಲ. ಅದಕ್ಕೊಂದು ಪ್ರತ್ಯೇಕ ಗುರುತು ಹಾಕಿಕೊಳ್ಳಿ.

ಹುಡುಕುವಾಗ ಹೆಸರಿನ ಕ್ರಮ ನೋಡಿಕೊಳ್ಳಿ. ಮುಕಾಯ್, ತಾಬುಚಿ, ನಕಾವೊ ಮೂವರಿಗೂ ಮನೆತನದ ಹೆಸರು ಮೊದಲು. ಅಹಿತೊ ಮಾತ್ರ ಕಟಕಾನಾ ಲಿಪಿಯಲ್ಲಿ (ಜಪಾನಿನಲ್ಲಿ ಹೆಚ್ಚಾಗಿ ವಿದೇಶಿ ಪದಗಳಿಗೆ ಬಳಸುವ ಲಿಪಿ), ಸ್ವಂತ ಹೆಸರು ಮೊದಲಿಟ್ಟು ಬರೆಯುತ್ತಾರೆ. 'ಇನಾಜಾವಾ ಅಹಿತೊ' ಎಂದು ತಿದ್ದಲು ಹೋದರೆ ಒಬ್ಬರೇ ಇಬ್ಬರಾಗಿ ಪಟ್ಟಿಯಲ್ಲಿ ಕೂರುತ್ತಾರೆ.

ಮಂದ್ರಸ್ಥಾಯಿ:
ಎರಡು ಕಾಲಂ ಮಾಡಿದೆ, ಸರಿಹೋಯಿತು. ನಂಬರ್ ಗರ್ಲ್‌ನ 2019ರ ಪುನರ್ಮಿಲನದಲ್ಲಾದರೂ ಬೇಸ್ ಬೇರೆಯವರದಾ?

ಆರನೇತಂತಿ:
ಇಲ್ಲ, ಅದೇ ನಾಲ್ವರು, ನಕಾವೊ ಸಮೇತ. 2019ರ ಫೆಬ್ರವರಿಯಲ್ಲಿ ಘೋಷಣೆ. ಗುರಿ ಇದ್ದದ್ದು ಹೊಕ್ಕಾಯ್ಡೊದ ರೈಸಿಂಗ್ ಸನ್ ರಾಕ್ ಉತ್ಸವ, ಆದರೆ ಆಗಸ್ಟ್ 16ರ ಆ ದಿನ ಚಂಡಮಾರುತದಿಂದ ರದ್ದಾಯಿತು. 2020ರ ಮಾರ್ಚ್ 1ರಂದು ಟೋಕಿಯೊದ ಜೆಪ್ ಸಭಾಂಗಣದಲ್ಲಿ ಪ್ರೇಕ್ಷಕರೇ ಇಲ್ಲದೆ ನುಡಿಸಿ ನೇರಪ್ರಸಾರ ಮಾಡಿದರು. ರೈಸಿಂಗ್ ಸನ್ ವೇದಿಕೆ ಕೊನೆಗೂ ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ. ಮತ್ತೆ ನಿಲ್ಲಿಸುತ್ತೇವೆ ಎಂದು ಹೇಳಿದ್ದೂ ಅಲ್ಲೇ! ಎರಡನೇ ಸಲದ ಕೊನೆಯ ಕಚೇರಿ 2022ರ ಡಿಸೆಂಬರ್ 11, ಯೊಕೊಹಾಮಾದ ಪಿಯಾ ಅರೀನಾ. ಅದರ ರೆಕಾರ್ಡಿಂಗ್ 'ಮುಜೋ ನೊ ಹಿ' 2023ರಲ್ಲಿ ಬಂತು. ಈ ಅವಧಿಯಲ್ಲಿ ಸ್ಟುಡಿಯೋ ಆಲ್ಬಮ್ ಬರಲಿಲ್ಲ, ಹಾಗಾಗಿ ಆ ಸಾಲು ನಾಲ್ಕಕ್ಕೇ ನಿಲ್ಲುತ್ತದೆ.