ಅಪ್‌ಡೇಟ್: ಕಡಗ, ಸ್ಟ್ರೈಕರ್ ಮತ್ತು ಜಡತ್ವ ಭ್ರಾಮಕ

ಬೀದರ್‌ನ ನಮ್ಮ ಪ್ರಥಮ ಪಿಯುಸಿ ಮಕ್ಕಳಿಗೆ ಜಡತ್ವ ಭ್ರಾಮಕವನ್ನು (ತಿರುಗುವಿಕೆಯ ಬದಲಾವಣೆಗೆ ವಸ್ತು ಒಡ್ಡುವ ಪ್ರತಿರೋಧ) ಸೂತ್ರವಿಲ್ಲದೆ ಮನಗಾಣಿಸುವುದು ಹೇಗೆ ಎಂದು ಇಲ್ಲಿ ಹಿಂದೆ ಕೇಳಿದ್ದೆ. ತಿರುಗುವ ಕುರ್ಚಿಯಲ್ಲಿ ಕೂತು, ಚಾಚಿದ ಕೈ ಮಡಚಿದಾಗ ತಿರುಗುವ ವೇಗ ಹೆಚ್ಚುವುದನ್ನು ತೋರಿಸುವ ಸಲಹೆ ಕೈಕೊಟ್ಟಿತು. ಬೇರಿಂಗ್ ಬಿಗಿಯಾಗಿ, ಕೈ ಮಡಚುವಷ್ಟರಲ್ಲೇ ಕುರ್ಚಿ ನಿಂತುಬಿಡುತ್ತಿತ್ತು.

ಫಲ ಕೊಟ್ಟದ್ದು ಇಳಿಜಾರು ಹಲಗೆ. ಹೇಳಿಕೊಟ್ಟವರಿಗೆ ಅನಂತ ಧನ್ಯವಾದ! ಇಲ್ಲಿನ ನಾನಕ್ ಝೀರಾ ಗುರುದ್ವಾರದ ಬಳಿ ಕೊಂಡ ಸ್ಟೀಲ್ ಕಡಗವನ್ನೂ ಕೇರಂ ಸ್ಟ್ರೈಕರನ್ನೂ ಚಕ್ರದಂತೆ ಅವುಗಳ ಅಂಚಿನ ಮೇಲೆ ಹಲಗೆಯಲ್ಲಿ ನಿಲ್ಲಿಸಿ, ಉರುಳಲು ಒಟ್ಟಿಗೆ ಬಿಟ್ಟೆವು. ಭಾರದ ಕಡಗವೇ ಗೆಲ್ಲುತ್ತದೆ ಎಂದು ಇಡೀ ತರಗತಿ ಪಂತ ಕಟ್ಟಿತ್ತು. ಪ್ರತಿ ಸಲವೂ ಸ್ಟ್ರೈಕರೇ ಮೊದಲು! ಕಡಗದ ದ್ರವ್ಯರಾಶಿಯೆಲ್ಲ ಅಂಚಿನಲ್ಲಿರುವುದರಿಂದ ತಿರುಗುವುದಕ್ಕೇ ಹೆಚ್ಚು ಶಕ್ತಿ ಹೋಗುತ್ತದೆ.

ನನ್ನನ್ನು ಬೆರಗುಗೊಳಿಸಿದ್ದು ಲೆಕ್ಕ. ಘರ್ಷಣೆಯಿಲ್ಲದೆ ಜಾರುವ ವಸ್ತುವಿಗೆ ಹೋಲಿಸಿದರೆ, ಸ್ಟ್ರೈಕರಿನಂತೆ ಉರುಳುವ ಬಿಲ್ಲೆಯ ವೇಗೋತ್ಕರ್ಷ (ವೇಗ ಹೆಚ್ಚುವ ದರ) 2/3ರಷ್ಟು, ಕಡಗದಂಥ ತೆಳು ಬಳೆಯದು 1/2ರಷ್ಟು. ತೂಕ, ಗಾತ್ರ ಎರಡೂ ಗಣನೆಗೇ ಬರುವುದಿಲ್ಲ. ಹಲಗೆ ತೀರಾ ಕಡಿದಾದರೆ ಎರಡೂ ಜಾರುತ್ತವೆ, ಸಣ್ಣ ಇಳಿಜಾರೇ ಸಾಕು.