‘ಅನ್‌ಲಿಮಿಟೆಡ್’ಗೆ ಬೋರ್ಡಿನಲ್ಲಿ ಎಂತ ಬರೆಯುವುದು? (ಅರ್ಜೆಂಟು)

ಬದಿಯಡ್ಕದಿಂದ:

ಎಲ್ರಿಗೂ ನಮಸ್ಕಾರ. ನಮ್ಮಲ್ಲಿ, ಕೇರಳದ ಕಾಸರಗೋಡಿನ ಕಡೆ, ಕೇಬಲಿನವರು ಫೈಬರ್ ಇಂಟರ್ನೆಟ್ ಕೊಡ್ಲಿಕ್ಕೆ ಶುರು ಮಾಡಿದ್ದಾರೆ, ಅಂಗಡಿಯ ಬೋರ್ಡಿಗೆ ಕನ್ನಡ ಬರೆದು ಕೊಡುವ ಕೆಲಸ ನನ್ನ ತಲೆಗೆ ಬಿದ್ದಿದೆ, ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗ್ಬೇಕು. ಮಲಯಾಳದಲ್ಲಿ ‘ಪರಿಧಿಯಿಲ್ಲಾತ್ತ ಡಾಟ’ ಅಂತ ಉಂಟು. ಅದನ್ನು ಯಾರೋ ಫೋನಿಗೆ ಹಾಕಿ ‘ಪರಿಧಿ ಇಲ್ಲದ ಡೇಟಾ’ ಅಂತ ಮಾಡಿ ಕೊಟ್ಟಿದ್ದಾರೆ. ನಮಗೆ ಪರಿಧಿ ಅಂದ್ರೆ ವೃತ್ತದ ಸುತ್ತಳತೆ, ಅದು ಆಗ್ಲಿಕ್ಕಿಲ್ಲ. ಕಂಪೆನಿಗಳ ಜಾಹೀರಾತಿನಲ್ಲಿ ‘ಅನಿಯಮಿತ’ ಅಂತ ಇರ್ತದಲ್ಲ, ಅದನ್ನೇ ಹಾಕ್ಬಹುದಾ? ಕೆಳಗೆ ಇನ್ನೆರಡು ಸಾಲು: ‘40 ಎಂಬಿಪಿಎಸ್ ವರೆಗೆ ಸ್ಪೀಡ್’, ‘ಕಂಪ್ಲೇಂಟ್ ಇದ್ದರೆ ಕರೆ ಮಾಡಿ’. ಅವು ಸರಿ ಉಂಟಾ?

ಶಿವಮೊಗ್ಗದಿಂದ:

ಅನಿಯಮಿತ ಬೇಡವೇ ಬೇಡ. ‘ಎಲ್ಲೆಯಿಲ್ಲದ’ ಅಂತ ಹಾಕಿ. ಎಲ್ಲೆ ನಮ್ಮದೇ ಪದ, ತಮಿಳಲ್ಲಿ ಎಲ್ಲೈ ಇದೆ, ಮಿತಿ ಸೀಮೆ ಪರಿಧಿ ಎಲ್ಲಾ ಸಂಸ್ಕೃತದಿಂದ ತಂದದ್ದು. ಇಂಟರ್ನೆಟ್ಟಿಗೂ ‘ಮಿಂಬಲೆ’ ಅಂತ ಚೆಂದದ ಪದ ಇದೆ, ಸ್ಪೀಡಿಗೆ ‘ಬಿರುಸು’ ಇದೆ. ಬೋರ್ಡಲ್ಲೇ ಬಳಸದಿದ್ರೆ ಇನ್ನೆಲ್ಲಿ ಬಳಸೋದು?

ಪೆರ್ಲದಿಂದ:

ಮಿಂಬಲೆ ಅಂತ ಬೋರ್ಡು ಹಾಕಿದ್ರೆ ನಮ್ಮ ಕಡೆ ಮೀನಿನ ಬಲೆ ಅಂತ ಓದ್ತಾರೆ. ಬೇಡ.

‘ಅನಿಯಮಿತ’ ಹೇಗೆ ಬಂತು ಅಂತ ನನ್ನ ಅಂದಾಜು ಹೇಳ್ತೇನೆ. ಸಹಕಾರಿ ಸಂಘ, ಸರ್ಕಾರಿ ನಿಗಮ ಇವುಗಳ ಹೆಸರಿನ ಕೊನೆಗೆ ‘ಲಿಮಿಟೆಡ್’ ಅನ್ಲಿಕ್ಕೆ ‘ನಿಯಮಿತ’ ಅಂತ ಬರೀತಾರೆ. ಅಲ್ಲಿ ಲಿಮಿಟೆಡ್ ಅಂದ್ರೆ ಸದಸ್ಯರ ಹೊಣೆ ಇಷ್ಟೇ ಅಂತ, ಕಾನೂನಿನ ಮಾತು. ಜಾಹೀರಾತಿನ ಅನುವಾದ ಮಾಡಿದವರು ಅದರ ಮೊದಲಿಗೆ ಒಂದು ‘ಅ’ ಸೇರಿಸಿ ಅನ್‌ಲಿಮಿಟೆಡ್ ಮಾಡಿರ್ಬೇಕು. ಸಂಸ್ಕೃತದ ಪಂಡಿತರು ಬಂದು ನಿಯಮಿತ ಅಂದ್ರೆ ತಡೆಹಿಡಿದದ್ದು, ಹಾಗಾಗಿ ಅನಿಯಮಿತ ಅಂದ್ರೆ ತಡೆಯಿಲ್ಲದ್ದು, ಸರಿಯೇ ಉಂಟು ಅಂತ ವಾದ ಮಾಡ್ಬಹುದು. ಮೂಲದಲ್ಲಿ ಆ ಅರ್ಥ ಇದೆ, ಒಪ್ಪುವ. ಆದ್ರೆ ಇವತ್ತು ಡಾಕ್ಟ್ರು ‘ನಿಯಮಿತವಾಗಿ ಮದ್ದು ತಗೊಳ್ಳಿ’ ಅಂದ್ರೆ ದಿನಾ ಹೊತ್ತಿಗೆ ಸರಿಯಾಗಿ ಅಂತ ಅರ್ಥವೇ ಹೊರತು ಸ್ವಲ್ಪ ಮಾತ್ರ ತಗೊಳ್ಳಿ ಅಂತ ಅಲ್ಲ. ಹಾಗಾದ್ರೆ ‘ಅನಿಯಮಿತ ಇಂಟರ್ನೆಟ್’ ಅಂದ್ರೆ ಎಂತ? ಒಮ್ಮೆ ಬರ್ತದೆ ಒಮ್ಮೆ ಹೋಗ್ತದೆ ಅಂತ. ದುಡ್ಡು ಕೊಡುವವನಿಗೆ ಹಾಗೆ ಹೇಳ್ಬಾರದು. ‘ಮಿತಿಯಿಲ್ಲದ’ ಅಂತ ಹಾಕಿ, ಮಕ್ಕಳಿಗೂ ಗೊತ್ತಾಗ್ತದೆ.

ಮತ್ತೆ ಅದು ನಿಜವಾಗಿ ಮಿತಿಯಿಲ್ಲದ್ದಾ ಅಂತ ಅವರ ಹತ್ರ ಕೇಳಿ. ಇಷ್ಟು ಜಿಬಿ ಆದ್ಮೇಲೆ ಸ್ಪೀಡ್ ಇಳಿಸ್ತಾರೆ ಅಂತಾದ್ರೆ ಆ ಜಿಬಿ ಎಷ್ಟು, ಆಮೇಲೆ ಸ್ಪೀಡ್ ಎಷ್ಟು ಅಂತ ಅದೇ ಬೋರ್ಡಿನಲ್ಲಿ ಬರೀಬೇಕು. ‘ನ್ಯಾಯಯುತ ಬಳಕೆ ನೀತಿ’ ಅಂತ ಬರೆದ್ರೆ ಯಾರಿಗೂ ಎಂತದೂ ತಿಳಿಯುದಿಲ್ಲ. ಹಾಗೆ ಇಳಿಸಿದ್ರೂ 512 ಕೆಬಿಪಿಎಸ್‌ಗಿಂತ, ಅಂದ್ರೆ ಸುಮಾರು ಅರ್ಧ ಎಂಬಿಪಿಎಸ್‌ಗಿಂತ, ಕೆಳಗೆ ಹೋಗ್ಬಾರದು ಅಂತ ಫೋನು-ಇಂಟರ್ನೆಟ್ ಕಂಪೆನಿಗಳನ್ನು ನಿಯಂತ್ರಿಸುವ ಟ್ರಾಯ್ 2016ರಲ್ಲಿ ಹೇಳಿತ್ತು. 40ರಿಂದ ಅಲ್ಲಿಗೆ ಬಂದ್ರೆ ಹೆಚ್ಚುಕಮ್ಮಿ 80ರಲ್ಲಿ 1 ಪಾಲು. ಆದ್ರೆ 2023ರಿಂದ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲಿಕ್ಕೇ ಕನಿಷ್ಠ 2 ಎಂಬಿಪಿಎಸ್ ಬೇಕು, 512 ಅದಕ್ಕಿಂತ ಎಷ್ಟೋ ಕಮ್ಮಿ.

ಇನ್ನು ಎಂಬಿಪಿಎಸ್, ಅಂದ್ರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ. ಇದರಲ್ಲೇ ದೊಡ್ಡ ಮೋಸ ಆಗುದು, ಯಾರೂ ಬೇಕಂತ ಮಾಡದಿದ್ರೂ. ಇಂಗ್ಲಿಷಿನಲ್ಲಿ ಸಣ್ಣ ಬಿ ಅಂದ್ರೆ ಬಿಟ್, ದೊಡ್ಡ ಬಿ ಅಂದ್ರೆ ಬೈಟ್, 8 ಬಿಟ್ಟಿಗೆ 1 ಬೈಟ್. ನಮ್ಮ ಲಿಪಿಯಲ್ಲಿ ಸಣ್ಣ ದೊಡ್ಡ ಅಕ್ಷರ ಇಲ್ಲ, ಎರಡೂ ‘ಎಂಬಿ’ಯೇ. ಫೋನಿನಲ್ಲಿ ಫೈಲ್ ಕಾಣುದು ಬೈಟಿನ ಎಂಬಿಯಲ್ಲಿ, ಹಾಗಾಗಿ 1 ಜಿಬಿ ಸಿನೆಮಾ 25 ಸೆಕೆಂಡಿನಲ್ಲಿ ಇಳೀಬೇಕು ಅಂತ ಜನ ಲೆಕ್ಕ ಹಾಕ್ತಾರೆ, ಸರಿಯಾದ ಲೆಕ್ಕಕ್ಕೆ 200 ಸೆಕೆಂಡು, ಅದೂ ಪೂರ್ತಿ ಸ್ಪೀಡ್ ಸಿಕ್ಕಿದ್ರೆ. ಆಮೇಲೆ ಅಂಗಡಿಗೆ ಬಂದು ಜಗಳ. ‘ಸೆಕೆಂಡಿಗೆ 40 ಮೆಗಾಬಿಟ್ ವರೆಗೆ’ ಅಂತ ಪೂರ್ತಿ ಬರೀರಿ. ‘ವರೆಗೆ’ಯನ್ನು ಸಣ್ಣ ಅಕ್ಷರದಲ್ಲಿ ಹಾಕ್ಲಿಕ್ಕೆ ಬಿಡ್ಬೇಡಿ.

‘ಕಂಪ್ಲೇಂಟ್’ ಕಾಸರಗೋಡಿನಲ್ಲಿ ಎರಡು ಅರ್ಥ ಕೊಡ್ತದೆ, ಮಲಯಾಳದಲ್ಲಿ ಇರುವ ಹಾಗೆಯೇ. ವಸ್ತು ಹಾಳಾದ್ರೂ ಕಂಪ್ಲೇಂಟ್, ದೂರು ಕೊಟ್ರೂ ಕಂಪ್ಲೇಂಟ್. ಕಳೆದ ಮಳೆಗಾಲ ನಮ್ಮ ಮನೆಯ ಮೋಡೆಮ್ಮಿನಲ್ಲಿ ಎಲ್‌ಒಎಸ್ ಅಂತ ಬರೆದಲ್ಲಿ ಕೆಂಪು ಲೈಟು ಮಿಣುಕ್ಲಿಕ್ಕೆ ಶುರುವಾಯ್ತು, ಅಂದ್ರೆ ಫೈಬರಿನಲ್ಲಿ ಬೆಳಕು ಬರ್ತಾ ಇಲ್ಲ ಅಂತ. ಕಸ್ಟಮರ್ ಕೇರಿಗೆ ಫೋನ್ ಮಾಡಿ ‘ಲೈನ್ ಕಂಪ್ಲೇಂಟ್ ಆಗಿದೆ’ ಅಂದೆ. ಆಚೆಯಿಂದ ಬೆಂಗಳೂರಿನ ಹುಡುಗಿ ‘ಕಂಪ್ಲೇಂಟ್ ಆಗಿದ್ಯಾ, ಹಾಗಾದ್ರೆ ಕಂಪ್ಲೇಂಟ್ ನಂಬರ್ ಹೇಳಿ ಸರ್’ ಅಂತ. ‘ನಂಬರ್ ಇಲ್ಲ, ಲೈನ್ ಕಂಪ್ಲೇಂಟ್’ ಅಂತ ನಾನು. ಸುಮಾರು ಹೊತ್ತು ಹೀಗೇ ಹೋಗಿ ಕಾಲ್ ಕಟ್ಟಾಯ್ತು, ಪುನಃ ಒಂದು ಒತ್ತಿ ಎರಡು ಒತ್ತಿ ಅಂತ ಮೊದಲಿನಿಂದ. ಬೋರ್ಡಿನಲ್ಲಿ ‘ನೆಟ್ ಹಾಳಾದರೆ ಈ ನಂಬರಿಗೆ ಕರೆ ಮಾಡಿ’ ಅಂತ ಹಾಕಿದ್ರೆ ಆಯ್ತು.

ಶಿವಮೊಗ್ಗದಿಂದ:

ನೆಟ್, ನಂಬರ್, ಸೆಕೆಂಡ್, ಮೆಗಾಬಿಟ್. ಇದರಲ್ಲಿ ಕನ್ನಡ ಎಲ್ಲಿದೆ ಸ್ವಾಮಿ? ನಿಮ್ಮ ಕಡೆಯವರು ಸಿಗ್ನಲ್ಲಿಗೂ ‘ರೇಂಜ್’ ಅನ್ನೋದು, ಮಲಯಾಳದ ನೆರಳು. ಹೀಗೇ ಬಿಟ್ರೆ ಗಡಿಯಲ್ಲಿ ಕನ್ನಡ ಉಳಿಯಲ್ಲ.

ಪೆರ್ಲದಿಂದ:

ರೇಂಜೂ ಇಂಗ್ಲಿಷು, ಸಿಗ್ನಲ್ಲೂ ಇಂಗ್ಲಿಷು. ನೀವು ಒಂದು ತಗೊಂಡ್ರಿ, ನಾವು ಇನ್ನೊಂದು. ನಮ್ಮದು ಮಾತ್ರ ಯಾಕೆ ಕೆಟ್ಟ ಕನ್ನಡ? 1956ರಲ್ಲಿ ಗೆರೆ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದಾಗಿನಿಂದ ನಾವು ರೇಶನ್ ಕಾರ್ಡಿನಿಂದ ಹಿಡಿದು ಬಸ್ಸಿನ ಬೋರ್ಡಿನ ವರೆಗೆ ಕನ್ನಡಕ್ಕೆ ಜಗಳ ಮಾಡ್ತಾ ಬಂದವರು. ಕನ್ನಡದವರು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು ಅಂತ ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಉಂಟು. ಕೇಬಲಿನವರಿಗೆ ಅಂಥ ಕಟ್ಟುಪಾಡು ಇಲ್ಲ, ಆದ್ರೂ ಕನ್ನಡದ ಗಿರಾಕಿಗಳಿದ್ದಾರೆ ಅಂತ ಕನ್ನಡ ಹಾಕ್ತಿದ್ದಾರೆ. ಆ ಗಿರಾಕಿಗೆ ಅರ್ಥ ಆಗದ ಶಬ್ದ ಬರೆದ್ರೆ ಅವನು ಕೆಳಗಿನ ಮಲಯಾಳ ಓದ್ತಾನೆ, ಅವನಿಗೆ ಅದೂ ಬರ್ತದೆ. ಗಡಿಯಲ್ಲಿ ಕನ್ನಡ ಹೋಗುದು ಹಾಗೆ, ‘ರೇಂಜ್’ ಅಂದದ್ದರಿಂದ ಅಲ್ಲ.

ಬದಿಯಡ್ಕದಿಂದ:

ಇಬ್ಬರಿಗೂ ಥ್ಯಾಂಕ್ಸ್. ‘ಮಿತಿಯಿಲ್ಲದ’, ‘ಸೆಕೆಂಡಿಗೆ 40 ಮೆಗಾಬಿಟ್ ವರೆಗೆ’, ‘ನೆಟ್ ಹಾಳಾದರೆ’ ಮೂರೂ ಹಾಕಿದೆ. ಜಿಬಿ ಮುಗಿದ್ಮೇಲೆ ಸ್ಪೀಡ್ ಎಷ್ಟು ಅಂತ ಮಾಲಕರ ಹತ್ರ ಕೇಳಿದೆ, ನಾಳೆ ಹೇಳ್ತೇನೆ ಅಂದಿದ್ದಾರೆ, ಅದಕ್ಕೆ ಒಂದು ಸಾಲು ಜಾಗ ಬಿಟ್ಟಿದ್ದೇನೆ. ಇನ್ನೊಂದು ಬಾಕಿ ಉಂಟು, ‘ಇನ್‌ಸ್ಟಾಲೇಶನ್ ಫ್ರೀ’ಗೆ ‘ಉಚಿತ ಸ್ಥಾಪನೆ’ ಸರಿಯಾ?

ಪೆರ್ಲದಿಂದ:

ಸ್ಥಾಪನೆ ದೇವಸ್ಥಾನಕ್ಕೆ, ಸಂಘಕ್ಕೆ. ಇಲ್ಲಿಗೆ ‘ಅಳವಡಿಕೆ’. ಕೇಬಲಿಗೆ ಮೀಟರಿನ ಲೆಕ್ಕದಲ್ಲಿ ಬೇರೆ ದುಡ್ಡು ತಗೊಳ್ತಾರೆ ಅಂತಾದ್ರೆ ‘ಉಚಿತ’ ಬರೀಬೇಡಿ.