ಯುಪ್ಪಿಕ್ ಹಳ್ಳಿಗೆ ಟೀಚರ್ ಆಗಿ ಹೊರಟಿದ್ದೇನೆ, ತಿಳಿದವರು ಹೇಳಿ

ಪ್ರಶ್ನೆ: ಅಲಾಸ್ಕಾದ ಕುಸ್ಕೊಕ್ವಿಮ್ ನದೀಮುಖದ ಕಡೆಯ ಒಂದು ಯುಪ್ಪಿಕ್ (ಅಲ್ಲಿನ ಮೂಲನಿವಾಸಿ ಜನ) ಹಳ್ಳಿಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿದೆ. ಆಗಸ್ಟ್ ಮಧ್ಯದಲ್ಲಿ ಶಾಲೆ ಶುರು. ಊರಿಗೆ ರಸ್ತೆ ಇಲ್ಲ. ನಾನು ಸಸ್ಯಾಹಾರಿ. ಏನು ಒಯ್ಯಬೇಕು, ಮಕ್ಕಳ ಜತೆ ಹೇಗಿರಬೇಕು?

ಉತ್ತರ 1: ಮೇಡಂ, ಮೊದಲು ಸಾಮಾನಿನ ವಿಷಯ. ಆಂಕರೇಜ್‌ನಿಂದ ಆ ಭಾಗದ ದೊಡ್ಡ ಊರಾದ ಬೆಥೆಲ್‌ವರೆಗೆ ಜೆಟ್ ಇದೆ, ಅಲ್ಲಿಂದ ಮುಂದೆ ಸಣ್ಣ ವಿಮಾನ. ಹತ್ತುವ ಮೊದಲು ನಿಮ್ಮ ತೂಕವನ್ನೂ ಕೇಳ್ತಾರೆ, ಭಾರ ಹೆಚ್ಚಾದರೆ ಪೆಟ್ಟಿಗೆಗಳು ಹಿಂದೆ ಉಳಿಯುತ್ತವೆ. ಆದ್ದರಿಂದ ಮಾತ್ರೆ, ಸ್ಲೀಪಿಂಗ್ ಬ್ಯಾಗ್, ಮೂರು ದಿನದ ಊಟ, ಒಂದು ಜತೆ ಬೆಚ್ಚನೆಯ ಬಟ್ಟೆ ನಿಮ್ಮ ಕೈಯಲ್ಲೇ ಇರಲಿ.

ಉಳಿದದ್ದನ್ನು ಅಂಚೆಗೆ ಹಾಕಿ. 18 ಗ್ಯಾಲನ್ನಿನ ಪ್ಲಾಸ್ಟಿಕ್ ಟೋಟ್ ತಗೊಂಡು, ಮುಚ್ಚಳ ಮತ್ತು ಡಬ್ಬಿಯ ಅಂಚು ಎರಡೂ ಸೇರುವ ಹಾಗೆ ನಾಲ್ಕು ಮೂಲೆಯಲ್ಲಿ ತೂತು ಕೊರೆದು ಜಿಪ್ ಟೈ ಬಿಗಿಯಿರಿ. ವಿಳಾಸದ ಚೀಟಿ ಹೊರಗೊಂದು, ಒಳಗೊಂದು. ಒಂದು ಪಾರ್ಸೆಲ್‌ಗೆ 70 ಪೌಂಡ್, ಅಂದರೆ ಸುಮಾರು 32 ಕೆಜಿ ಮಿತಿ. ಬೇಳೆಯಂಥ ಭಾರದ ಪದಾರ್ಥಕ್ಕೆ ತೂಕ ಎಷ್ಟಿದ್ದರೂ ಒಂದೇ ದರದ ಫ್ಲಾಟ್ ರೇಟ್ ಪೆಟ್ಟಿಗೆ ಲಾಭ, ಪುಸ್ತಕಕ್ಕೆ ಮೀಡಿಯಾ ಮೇಲ್ ಅನ್ನೋ ಅಗ್ಗದ ಅಂಚೆ. ಗಾಜಿನ ಬಾಟಲಿಯಲ್ಲಿ ನೀರಿನಂಶದ ಪದಾರ್ಥ ಕಳಿಸುವುದಿದ್ದರೆ ಆಗಸ್ಟ್‌ನಲ್ಲೇ ಕಳಿಸಿ, ಚಳಿ ಬಿದ್ದ ಮೇಲೆ ದಾರಿಯಲ್ಲೇ ಹೆಪ್ಪುಗಟ್ಟಿ ಒಡೆಯುತ್ತದೆ.

ಉತ್ತರ 2: ಅಕ್ಕಿ, ಮೈದಾ, ಹಾಲಿನ ಪುಡಿ, ಫ್ರೋಜನ್ ತರಕಾರಿ ಊರಿನ ಅಂಗಡಿಯಲ್ಲೇ ಸಿಗುತ್ತೆ, ಬೆಲೆ ಮಾತ್ರ ಜಾಸ್ತಿ. ತಾಜಾ ತರಕಾರಿ ಹವಾಮಾನದ ಕೃಪೆ. ತೊಗರಿಬೇಳೆ, ಹೆಸರುಬೇಳೆ, ಹುಣಸೆಹಣ್ಣು, ಇಂಗು, ಸಾರಿನ ಪುಡಿ, ಒಣಗಿಸಿದ ಕರಿಬೇವು ನೀವೇ ಒಯ್ಯಬೇಕು. ಕುಕ್ಕರ್ ಜತೆ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಇಟ್ಟುಕೊಳ್ಳಿ. ಗ್ಯಾಸ್ಕೆಟ್ ಹೋದರೆ ಬೇಳೆ ಬೇಯಿಸೋದೇ ಕಷ್ಟ.

ಯಾರ ಮನೆಗೆ ಹೋದರೂ ತಿನ್ನಲು ಏನಾದರೂ ಕೊಡ್ತಾರೆ. ಮೀನು, ಮಾಂಸ ತಿನ್ನಲ್ಲ ಅಂತ ನೇರವಾಗಿ ಹೇಳಿ, ಆದರೆ ಟೀ, ಪೈಲಟ್ ಬ್ರೆಡ್ ಅನ್ನೋ ಗಟ್ಟಿ ಬಿಸ್ಕತ್ತು, ಕಾಡುಹಣ್ಣು ಕೊಟ್ಟರೆ ಬೇಡ ಅನ್ನಬೇಡಿ. ಅಕುತಾಕ್ ಅನ್ನೋ ಸಿಹಿಯಲ್ಲಿ ಹಣ್ಣು, ಸಕ್ಕರೆ, ಕೊಬ್ಬು ಇರುತ್ತೆ, ಕೆಲವರು ಬೇಯಿಸಿದ ಮೀನನ್ನೂ ಕಲಸ್ತಾರೆ. ತಿನ್ನೋ ಮುಂಚೆ ಕೇಳಿ.

ಉತ್ತರ 3: ಸಹಿ ಹಾಕುವ ಮೊದಲೇ ಮನೆಯ ಬಗ್ಗೆ ಕೇಳಿ: ನಲ್ಲಿ ನೀರು ಇದೆಯೇ, ಟ್ಯಾಂಕಿಗೆ ತುಂಬಿಸುವುದೇ, ಅಥವಾ ಹನಿಬಕೆಟ್ಟೇ? ಹನಿಬಕೆಟ್ ಅಂದರೆ ಶೌಚಕ್ಕೆ ಚೀಲ ಹಾಕಿದ ಬಕೆಟ್. ಪೈಪು ಹಾಕದ ಊರುಗಳಲ್ಲಿ ಈಗಲೂ ಬಳಕೆಯಲ್ಲಿದೆ. ಅಲ್ಲಿ ಸ್ನಾನ, ಬಟ್ಟೆ ಒಗೆಯುವುದು ಊರಿನ ವಾಶಟೇರಿಯಾದಲ್ಲಿ. ಬಹಳ ಮನೆಗಳಲ್ಲಿ ಬಿಸಿಗೆ ಟೊಯೊ ಸ್ಟೋವ್ ಇರುತ್ತದೆ. ಅದು ಎಣ್ಣೆಯಲ್ಲಿ ಉರಿದರೂ ಕರೆಂಟು ಬೇಕು. ಕರೆಂಟು ಡೀಸೆಲ್ ಜನರೇಟರಿನದು, ಹೋದರೆ ಸ್ಟೋವೂ ಆರುತ್ತದೆ. ಕುಡಿಯುವ ನೀರು ತುಂಬಿಟ್ಟುಕೊಳ್ಳಿ, ತಲೆಗೆ ಕಟ್ಟುವ ಟಾರ್ಚ್ ಇರಲಿ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕೆಸರಿಗೆ ಮೊಣಕಾಲುದ್ದದ ರಬ್ಬರ್ ಬೂಟು, ಆಮೇಲೆ ಹಿಮದ ಬೂಟು, ಅದರ ಅಡಿಗೆ ಜಾರದಂತೆ ಹಾಕುವ ಮುಳ್ಳಿನ ಐಸ್ ಕ್ಲೀಟ್. ಓಡಾಡುವ ಹಲಗೆದಾರಿ ಮಂಜುಗಟ್ಟಿದಾಗ ಕಾಲು ನಿಲ್ಲುವುದಿಲ್ಲ. ಮೈಗೆ ತಾಗುವ ಬಟ್ಟೆ ಹತ್ತಿಯದು ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಉಣ್ಣೆ ಒಳ್ಳೆಯದು.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯ್ತು. ಮಕ್ಕಳು ತರಗತಿಯಲ್ಲಿ ಮಾತೇ ಆಡುವುದಿಲ್ಲ ಅಂತ ಕೇಳಿದ್ದೇನೆ, ನಿಜವೇ?

ಉತ್ತರ 4: ಆಡುತ್ತಾರೆ, ನಾವು ನೋಡುವುದಿಲ್ಲ. ಹುಬ್ಬು ಏರಿಸಿದರೆ ಹೌದು, ಮೂಗು ಸುಕ್ಕಿಸಿದರೆ ಇಲ್ಲ. ಬೋರ್ಡಿನ ಕಡೆ ತಿರುಗಿಕೊಂಡು ಪ್ರಶ್ನೆ ಕೇಳಿದರೆ ಆ ಉತ್ತರ ನಿಮಗೆ ಸಿಗುವುದೇ ಇಲ್ಲ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಮಧ್ಯೆ ಇನ್ನೊಂದು ಪ್ರಶ್ನೆ ತೂರಿಸಬೇಡಿ. ಕಣ್ಣು ತಗ್ಗಿಸುವುದು ಮರ್ಯಾದೆ, ಅಲಕ್ಷ್ಯವಲ್ಲ. ಎಲ್ಲರೆದುರು ಒಬ್ಬರನ್ನೇ ಹೊಗಳಿದರೂ ಮುದುಡುತ್ತಾರೆ, ಇಬ್ಬಿಬ್ಬರನ್ನು ಕೂರಿಸಿ. ನೋಡಿ ಕಲಿಯುವ ರೂಢಿ ಇರುವುದರಿಂದ ಮೊದಲು ಪೂರ್ತಿ ಮಾಡಿ ತೋರಿಸಿ, ವಿವರಣೆ ಆಮೇಲೆ.

ಗಣಿತಕ್ಕೆ ಒಂದು ದೊಡ್ಡ ಅನುಕೂಲವಿದೆ. ಯುಪ್ಪಿಕ್ ಎಣಿಕೆ ಕೈಕಾಲ ಬೆರಳುಗಳ ಲೆಕ್ಕದಲ್ಲಿ ಇಪ್ಪತ್ತರ ಗುಂಪಿನದು, ಅದರೊಳಗೆ ಐದರ ಉಪಗುಂಪು. ಸ್ಥಾನಬೆಲೆ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು. ಫೇರ್‌ಬ್ಯಾಂಕ್ಸ್‌ನ ಅಲಾಸ್ಕಾ ವಿಶ್ವವಿದ್ಯಾಲಯ ಯುಪ್ಪಿಕ್ ಹಿರಿಯರ ಜತೆ ಸೇರಿ ಪಾಠಗಳನ್ನು ರೂಪಿಸಿದೆ. ಮೀನು ಒಣಗಿಸುವ ಚೌಕಟ್ಟು ಕಟ್ಟುವುದರಲ್ಲೇ ಪರಿಧಿ, ವಿಸ್ತೀರ್ಣ ಬರುತ್ತದೆ. ಆ ಪಾಠಗಳನ್ನು ಈಗಲೇ ತರಿಸಿಕೊಳ್ಳಿ.

ಹೆಸರಿನ ವಿಷಯವೂ ತಿಳಿದಿರಲಿ. ತೀರಿಹೋದವರ ಹೆಸರನ್ನು ಮಗುವಿಗೆ ಇಡುತ್ತಾರೆ, ಬಳಗದವರು ಆ ಮಗುವಿನಲ್ಲಿ ಅವರನ್ನೇ ಕಾಣುತ್ತಾರೆ. ಅಜ್ಜನ ಹೆಸರಿಟ್ಟ ಮೊಮ್ಮಗನನ್ನು ನಮ್ಮ ಮನೆಗಳಲ್ಲಿ ಹೆಸರು ಹಿಡಿದು ಬೈಯಲು ಹಿಂಜರಿಯುವ ಹಾಗೆಯೇ. ಗದರುವ ಮುಂಚೆ ಇದು ನೆನಪಿರಲಿ.

ಪೋಷಕರು ಶಾಲೆಗೆ ಬಾರದಿದ್ದರೆ ಆಸಕ್ತಿಯಿಲ್ಲ ಎಂದುಕೊಳ್ಳಬೇಡಿ. ಹಳ್ಳಿಗಳಲ್ಲೇ ಹೈಸ್ಕೂಲು ಬೇಕೆಂದು ವಿದ್ಯಾರ್ಥಿಗಳು ಹೂಡಿದ ಮೋಲಿ ಹೂಚ್ ಪ್ರಕರಣದ 1976ರ ರಾಜಿಯ ನಂತರವೇ ಇಂಥ ಸಣ್ಣ ಊರುಗಳಿಗೆ ಹೈಸ್ಕೂಲು ಬಂದದ್ದು. ಅದಕ್ಕೆ ಮೊದಲು ಹೈಸ್ಕೂಲಿಗಾಗಿ ಮಕ್ಕಳನ್ನು ದೂರದ ವಸತಿಶಾಲೆಗಳಿಗೆ ಕಳಿಸುತ್ತಿದ್ದರು, ಯುಪ್ಪಿಕ್ ಮಾತಾಡಿದ್ದಕ್ಕೆ ಶಿಕ್ಷೆ ತಿಂದವರು ಆ ತಲೆಮಾರಿನಲ್ಲಿದ್ದಾರೆ. ನೀವೇ ಸಂಜೆ ಬಾಸ್ಕೆಟ್‌ಬಾಲ್‌ಗೆ, ಯುರಾಕ್ ಕುಣಿತಕ್ಕೆ ಹೋಗಿ ಕೂತುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಮೂಸ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹುಡುಗರು ಹೋಗುತ್ತಾರೆ, ಮನೆಯ ಚಳಿಗಾಲದ ಊಟ ಅದು. ಆ ವಾರದ ಪಾಠ ಮೊದಲೇ ಕೊಟ್ಟು ಕಳಿಸಿ.

ಉತ್ತರ 5: ಮೇಲಿನವರು ಹೇಳದ ಒಂದೆರಡು. ಬಹಳ ಹಳ್ಳಿಗಳಲ್ಲಿ ಮದ್ಯ ತರುವುದೇ ಅಪರಾಧ, ಉಡುಗೊರೆಯ ಬಾಟಲಿಯೂ ಬೇಡ. ಊರಿನ ಕ್ಲಿನಿಕ್ಕಿನಲ್ಲಿ ಇರುವುದು ತರಬೇತಿ ಪಡೆದ ಹೆಲ್ತ್ ಏಡ್, ಡಾಕ್ಟರು ಬೆಥೆಲ್‌ನಲ್ಲಿ. ಹಲ್ಲಿನ ಕೆಲಸ ಮುಗಿಸಿಕೊಂಡೇ ಹೊರಡಿ, ಮೂರು ತಿಂಗಳ ಔಷಧ ಜತೆಗಿರಲಿ. ಡಿಸೆಂಬರ್‌ನಲ್ಲಿ ಹಗಲು ಐದೂವರೆ ಗಂಟೆ ಅಷ್ಟೇ, ಸೂರ್ಯ ಹುಟ್ಟುವುದೇ ಹನ್ನೊಂದರ ಹೊತ್ತಿಗೆ. ವಿಟಮಿನ್ ಡಿ ಬಗ್ಗೆ ಡಾಕ್ಟರನ್ನು ಕೇಳಿ.

ನದಿ ಹೆಪ್ಪುಗಟ್ಟುವಾಗ ಮತ್ತು ಮೇ ಸುಮಾರಿಗೆ ಮಂಜುಗಡ್ಡೆ ಒಡೆಯುವಾಗ ದೋಣಿಯೂ ಇಲ್ಲ, ಹಿಮದ ಮೇಲೆ ಓಡುವ ಸ್ನೋಮಷೀನೂ ಇಲ್ಲ. ಎರಡು ವಾರದ ದಿನಸಿ ಮುಂಚಿತವಾಗಿಯೇ ಇರಲಿ. ಬಿರುಗಾಳಿ ಬಂದರೆ ಶಾಲೆಯೇ ಊರಿನ ಆಸರೆ. 2025ರ ಅಕ್ಟೋಬರ್‌ನಲ್ಲಿ ಹಾಲೋಂಗ್ ಚಂಡಮಾರುತದ ಶೇಷ ಕಿಪ್ನುಕ್, ಕ್ವಿಗಿಲಿಂಗೊಕ್ ಊರುಗಳಿಗೆ ಅಪ್ಪಳಿಸಿದಾಗ ಜನ ತಂಗಿದ್ದು ಶಾಲೆಯಲ್ಲೇ. ತುರ್ತು ಸಮಯದಲ್ಲಿ ಟೀಚರುಗಳು ಏನು ಮಾಡಬೇಕು ಅಂತ ಪ್ರಿನ್ಸಿಪಾಲರನ್ನು ಮೊದಲ ವಾರವೇ ಕೇಳಿ.

ಕ್ರಿಸ್‌ಮಸ್ ರಜಕ್ಕೆ ಹೊರಡುವುದಾದರೆ ಹಳ್ಳಿ ಬಿಡುವ ದಿನಕ್ಕೂ ಆಂಕರೇಜ್‌ನಿಂದ ಹೊರಡುವ ದೊಡ್ಡ ವಿಮಾನಕ್ಕೂ ನಡುವೆ ಕನಿಷ್ಠ ಎರಡು ದಿನ ಇಟ್ಟು ಟಿಕೆಟ್ ಮಾಡಿಸಿ. ಮೋಡ ಕೆಳಗಿಳಿದರೆ ಸಣ್ಣ ವಿಮಾನ ಏಳುವುದಿಲ್ಲ.